ಫಿಟ್ಸ್ ಪ್ರಯೋಗಕ್ಕೆ ಇಲಿ ಆರಿಸುವಾಗ

ಪುಣೆಯ ನಮ್ಮ ಫಾರ್ಮಸಿ ಕಾಲೇಜಿಗೆ ಬೆಳಗಾವಿ, ವಿಜಯಪುರದ ಕಡೆಯಿಂದ ಎಂ.ಫಾರ್ಮ್ ಓದಲು ಹುಡುಗರು ಬರುತ್ತಾರೆ. ಪ್ರಾಣಿಗಳ ಉಸ್ತುವಾರಿ ನನ್ನದು. ಬಾಗಿಲಲ್ಲೇ ಕೇಳುತ್ತಾರೆ, "ಅಕ್ಕಾರ, 200 ಗ್ರಾಮಿನ ವಿಸ್ಟಾರ್ ತಳಿಯ ಇಲಿ ಅದಾವೇನ್ರಿ?"

ತೂಕ ಬಿಡಿ, ಹುಟ್ಟಿದ ತಾರೀಖು ಕೇಳಿ. 200 ಗ್ರಾಂ ತೂಗುವ ಹೆಣ್ಣು, ಅಷ್ಟೇ ತೂಗುವ ಗಂಡಿಗಿಂತ ವಯಸ್ಸಿನಲ್ಲಿ ದೊಡ್ಡದಿರುತ್ತದೆ. ಆಮೇಲೆ ಫಿಟ್ಸ್‌ನಲ್ಲಿ ಕಂಡ ವ್ಯತ್ಯಾಸ ಲಿಂಗದ್ದೋ ವಯಸ್ಸಿನದ್ದೋ ಹೇಗೆ ಹೇಳ್ತೀರಿ?

ಮರಿಗಳಲ್ಲಿ ಒಂದೆರಡು ದಿನವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಇಲಿಯಲ್ಲಿ ಗಾಬಾ ಎಂಬ ಮಿದುಳಿನ ರಾಸಾಯನಿಕ ನರಕೋಶವನ್ನು ಸುಮ್ಮನಾಗಿಸುತ್ತದೆ. ಎಳೆ ಮರಿಯ ಕೋಶದೊಳಗೆ ಕ್ಲೋರೈಡ್ ಜಾಸ್ತಿ, ಅದನ್ನು ಹೊರಹಾಕುವ ಕೆಸಿಸಿ2 ಎಂಬ ಪ್ರೋಟೀನ್ ಕಡಿಮೆ. ಹಾಗಾಗಿ ಅದೇ ಗಾಬಾ ಕೆರಳಿಸಲೂಬಹುದು. ಮಿದುಳಿನ ಕೆಲವು ಭಾಗಗಳಲ್ಲಿ, ಕೆರಳಿಸುವುದು ಬಿಟ್ಟು ಸುಮ್ಮನಾಗಿಸುವ ಈ ಬದಲಾವಣೆ ಹೆಣ್ಣು ಮರಿಗೆ ಮೊದಲು, ಗಂಡಿಗೆ ಆಮೇಲೆ. ಹುಟ್ಟಿದ ದಿನವನ್ನು 0 ಎಂದಿರೋ 1 ಎಂದಿರೋ, ಬರೆದಿಡಿ. ಒಂದೇ ತಾಯಿಯ ಮರಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ.

ದೊಡ್ಡ ಹೆಣ್ಣು ಇಲಿಯ ಋತುಚಕ್ರ 4–5 ದಿನದ್ದು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದು ಹನಿ ಸಲೈನ್‌ನಲ್ಲಿ ಯೋನಿಯ ಸ್ಮಿಯರ್ (ಕೋಶಗಳ ಮಾದರಿ) ತೆಗೆದು ಸ್ಲೈಡಿಗೆ ಹಾಕಿ. ನ್ಯೂಕ್ಲಿಯಸ್ ಇರುವ ದುಂಡು ಕೋಶಗಳ ಗುಂಪು ಕಂಡರೆ ಪ್ರೊಈಸ್ಟ್ರಸ್, ಅಂದರೆ ಬೆದೆಗೆ ಮುಂಚಿನ ಹಂತ. ಪೇಪರ್ ಅವಲಕ್ಕಿ ಚೆಲ್ಲಿದ ಹಾಗೆ ಒಣ ಚಪ್ಪಟೆ ಕೋಶಗಳೇ ಇದ್ದರೆ ಈಸ್ಟ್ರಸ್, ಅಂದರೆ ಬೆದೆ. ಸಣ್ಣ ಬಿಳಿ ರಕ್ತಕಣಗಳೇ ತುಂಬಿದ್ದರೆ ಡೈಈಸ್ಟ್ರಸ್, ಎರಡು ಬೆದೆಗಳ ನಡುವಿನ ಹಂತ. ಫಿಟ್ಸ್ ಬರಿಸುವ ಪಿಟಿಜೆಡ್ ಔಷಧ ಕೊಡುವ ದಿನ ಮಾತ್ರ ನೋಡಿದರೆ ಸಾಲದು. ಎರಡು ಚಕ್ರವಾದರೂ ಮೊದಲೇ ನೋಡಿರಬೇಕು. ಗಂಡುಗಳನ್ನೂ ಅಷ್ಟೇ ಸಲ ಕೈಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಗಾಬರಿಯೇ ಬೇರೆ ವ್ಯತ್ಯಾಸ ತರುತ್ತದೆ.

ಇಷ್ಟೆಲ್ಲ ಯಾಕೆ? ಚಕ್ರದ ಜೊತೆ ಹಾರ್ಮೋನುಗಳೂ ಏರಿಳಿಯುತ್ತವೆ. ಪ್ರೊಜೆಸ್ಟರಾನ್‌ನಿಂದ ಆಗುವ ಅಲೋಪ್ರೆಗ್ನನಲೋನ್ ಗಾಬಾಗೆ ಬಲ ಕೊಟ್ಟು ಫಿಟ್ಸ್ ತಡೆಯುತ್ತದೆ. ಈಸ್ಟ್ರೋಜನ್ ಬಹಳ ಸಲ ಇದಕ್ಕೆ ಉಲ್ಟಾ, ಆದರೆ ಡೋಸ್, ಪ್ರಯೋಗದ ಮಾದರಿ ನೋಡಿ ಬದಲಾಗುತ್ತದೆ. "ಹೆಣ್ಣಿಗೆ ಫಿಟ್ಸ್ ಜಾಸ್ತಿ" ಎಂದು ಒಂದೇ ಸಾಲಿನಲ್ಲಿ ಬರೆದ ಥೀಸಿಸ್ ನಾನಂತೂ ನಂಬುವುದಿಲ್ಲ. ಈ ತಲೆನೋವು ಬೇಡ ಅಂತ ಬರೀ ಗಂಡು ತೆಗೆದುಕೊಂಡರೆ ಅರ್ಧ ಉತ್ತರವಷ್ಟೇ ಸಿಗುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಲೈಟಿನ ಟೈಮರ್ ನೋಡಿ. 12 ತಾಸು ಬೆಳಕು, 12 ತಾಸು ಕತ್ತಲೆ ತಪ್ಪಿದರೆ ಚಕ್ರವೂ ತಪ್ಪೀತು.

ಫಿಟ್ಸ್ ಎಷ್ಟು ಜೋರು ಎಂದು ಅಂಕ ಕೊಡಲು ಎಲ್ಲರೂ 1972ರ ರೆಸೀನ್ ಸ್ಕೇಲ್ ಹಿಡಿಯುತ್ತಾರೆ. ಅದರಲ್ಲಿ 4 ಎಂದರೆ ಹಿಂಗಾಲ ಮೇಲೆ ಎದ್ದು ನಿಲ್ಲುವುದು, 5 ಎಂದರೆ ನಿಂತು ಬೀಳುವುದು. ಹತ್ತು ದಿನದ ಮರಿಗೆ ನಿಲ್ಲಲಿಕ್ಕೇ ಬರುವುದಿಲ್ಲ, ಅಲ್ವಾ? ಮರಿಗಳಿಗೆ ಬೇರೆ ಪಟ್ಟಿ ಮಾಡಿ, ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳುವ ಫಾರ್ಮ್ ಬಿ ತುಂಬುವಾಗಲೇ ಅದನ್ನು ಸೇರಿಸಿ.