ಆರ್‌ಬಿಸಿ ಕೌಂಟ್ ರಿಪೋರ್ಟ್ ಓದೋದು ಹೇಗೆ

ಜಯನಗರನೋ ರಾಜಾಜಿನಗರನೋ, ಯಾವ ಲ್ಯಾಬಲ್ಲಿ ಸಿಬಿಸಿ (ರಕ್ತದ ಕಣಗಳನ್ನ ಎಣಿಸೋ ಟೆಸ್ಟ್) ಮಾಡಿಸಿದ್ರೂ ದಪ್ಪ ಅಕ್ಷರದ ನಂಬರ್ ನೋಡಿ ಮನೆಮಂದಿಯೆಲ್ಲಾ ಗಾಬರಿ. ಮೊದ್ಲು ಪಕ್ಕದಲ್ಲಿರೋ ರೆಫರೆನ್ಸ್ ರೇಂಜ್ (ನಾರ್ಮಲ್ ಮಿತಿ) ನೋಡಿ, ಅದು ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ಬೇರೆ ಇರತ್ತೆ. ಆರ್‌ಬಿಸಿ ಅಂದ್ರೆ ಕೆಂಪು ರಕ್ತಕಣ, ಅದರ ಎಣಿಕೆ ಸಾಮಾನ್ಯವಾಗಿ ಗಂಡಸ್ರಿಗೆ 4.5ರಿಂದ 5.5, ಹೆಂಗಸ್ರಿಗೆ 3.8ರಿಂದ 4.8 ಮಿಲಿಯನ್, ಒಂದು ಮೈಕ್ರೋಲೀಟರ್ ರಕ್ತಕ್ಕೆ.

ಆದ್ರೆ ಈ ಒಂದೇ ನಂಬರ್ ಇಟ್ಕೊಂಡು ಏನೂ ಹೇಳಕ್ಕಾಗಲ್ಲ, ಹಿಮೋಗ್ಲೋಬಿನ್ ಮತ್ತೆ ಎಂಸಿವಿ ಜೊತೆ ಸೇರಿಸಿ ಓದ್ಬೇಕು. ಎಂಸಿವಿ ಅಂದ್ರೆ ಕೆಂಪು ಕಣದ ಸೈಜು, 80ಕ್ಕಿಂತ ಕೆಳಗಿದ್ರೆ ಕಣ ಚಿಕ್ಕದಾಗಿದೆ ಅಂತ. ಮೂರೂ ಕಮ್ಮಿ ಇದ್ರೆ ಹೆಚ್ಚಾಗಿ ಐರನ್ ಕೊರತೆ, ಮೈಯಲ್ಲಿ ಕೂಡಿಟ್ಟಿರೋ ಐರನ್ ಎಷ್ಟು ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಮಾಡಿಸಿದ್ರೆ ಗೊತ್ತಾಗತ್ತೆ. ಮಜಾ ಇರೋದು ಇಲ್ಲಿ, ಎಂಸಿವಿ ತುಂಬಾ ಕಮ್ಮಿ ಇದ್ದು ಆರ್‌ಬಿಸಿ ಮಾತ್ರ ಜಾಸ್ತಿ ಇದ್ರೆ ಥಲಸ್ಸೀಮಿಯಾ ಟ್ರೇಟ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಮಕ್ಕಳಿಗೂ ದಾಟಬಹುದಾದ ವಂಶವಾಹಿ ದೋಷ) ಇರ್ಬಹುದು, ಎಂಸಿವಿನ ಆರ್‌ಬಿಸಿಯಿಂದ ಭಾಗ್ಸಿ 13ಕ್ಕಿಂತ ಕಮ್ಮಿ ಬಂದ್ರೆ ಅನುಮಾನ ಇನ್ನೂ ಜಾಸ್ತಿ, ಉದಾಹರಣೆಗೆ 65ನ್ನ 5.8ರಿಂದ ಭಾಗ್ಸಿದ್ರೆ 11.2. ಇದು ಬರೀ ಸುಳಿವು ಅಷ್ಟೇ, ಖಾತ್ರಿಗೆ ಹಿಮೋಗ್ಲೋಬಿನ್ ಬಗೆಗಳನ್ನ ಬಿಡಿಸಿ ಅಳೆಯೋ ಎಚ್‌ಪಿಎಲ್‌ಸಿ ಟೆಸ್ಟ್ ಬೇಕು, ಮಗು ಪ್ಲಾನ್ ಮಾಡ್ತಿರೋರಂತೂ ಇದನ್ನ ಬಿಡ್ಲೇಬೇಡಿ.

ಆರ್‌ಬಿಸಿ ಒಂಚೂರು ಜಾಸ್ತಿ ಅಷ್ಟೇನಾ? ನೀರು ಕಮ್ಮಿ ಕುಡ್ದಿರ್ಬಹುದು, ಸಿಗರೇಟೂ ಕಾರಣ ಆಗತ್ತೆ. ಉಸ್ರು ಕಟ್ಟೋದು, ಎದೆನೋವು ಇದ್ರೆ ಮಾತ್ರ ಗೂಗಲ್ ಬಿಟ್ಟು ತಕ್ಷಣ ಡಾಕ್ಟ್ರ ಹತ್ರ ಹೋಗಿ.