ಪಾಠ ಹಂಚಿಕೆ: ಮೊದಲು ದಿನ ಎಣಿಸಿ, ಆಮೇಲೆ ಪುಸ್ತಕ ತೆರೆಯಿರಿ

ಜೂನ್ ಮೊದಲ ವಾರ ಶಾಲೆಗಳಲ್ಲಿ ಗಣಿತದ ವಾರ್ಷಿಕ ಪಾಠ ಹಂಚಿಕೆ ಹೀಗೆ ಸಿದ್ಧವಾಗುತ್ತದೆ: ಪುಸ್ತಕದ ಪರಿವಿಡಿ ತೆರೆ, ಹದಿನೈದು ಘಟಕಗಳನ್ನು ತಿಂಗಳಿಗೆ ಒಂದೂವರೆಯಂತೆ ಹಂಚು, ಕೆಂಪು ಪೆನ್ನಿನಲ್ಲಿ ಗೆರೆ ಎಳೆ, ಮುಖ್ಯ ಶಿಕ್ಷಕರ ಸಹಿ ಹಾಕಿಸು. ಅಲ್ಲಿಗೆ ಕೆಲಸ ಮುಗಿಯಿತು. ಫೆಬ್ರುವರಿ ಬಂದಾಗ ಐದು ಘಟಕ ಬಾಕಿ ಇರುತ್ತವೆ. ವಿಸ್ತೀರ್ಣವನ್ನೂ ಬೀಜೋಕ್ತಿಯನ್ನೂ ಮೂರು ಮೂರು ದಿನಕ್ಕೆ ಓಡಿಸಲಾಗುತ್ತದೆ. ಹಂಚಿಕೆ ಬರೆದವರು ಸೋಮಾರಿಗಳೇನಲ್ಲ. ಪುಸ್ತಕವನ್ನು ಹಂಚಿದರೇ ಹೊರತು ಕೈಯಲ್ಲಿರುವ ದಿನಗಳನ್ನು ಎಣಿಸಲಿಲ್ಲ, ಅಷ್ಟೇ.

ಇಲ್ಲಿ ಏಳನೇ ತರಗತಿಯನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇವೆ. ಆರು, ಎಂಟನೇ ತರಗತಿಗಳಿಗೂ ದಾರಿ ಇದೇ, ಅಂಕಿ ಮಾತ್ರ ಬೇರೆ.

1. ಪೀರಿಯಡ್ ಎಣಿಸಿ

ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳನ್ನು ಹೇಳುತ್ತದೆ. ದಿನಕ್ಕೊಂದು ಗಣಿತದ ಪೀರಿಯಡ್ ಎಂದರೆ 220. ಈಗ ಕಳೆಯುತ್ತಾ ಬನ್ನಿ. ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸುವ ವರ್ಷಾರಂಭದ ಪಾಠಗಳಿಗೆ, 15. ನಾಲ್ಕು ರೂಪಣಾತ್ಮಕ (ನಡುನಡುವಿನ ಸಣ್ಣ) ಪರೀಕ್ಷೆಗಳಿಗೆ ಎರಡೆರಡರಂತೆ 8. ಎರಡು ಸಂಕಲನಾತ್ಮಕ (ಅವಧಿ ಕೊನೆಯ) ಪರೀಕ್ಷೆಗಳಿಗೆ 14. ಕ್ರೀಡಾಕೂಟ, ಪ್ರತಿಭಾ ಕಾರಂಜಿ, ರಾಷ್ಟ್ರೀಯ ಹಬ್ಬದ ತಯಾರಿ, ನಿಮ್ಮ ತರಬೇತಿ ಎಲ್ಲ ಸೇರಿ 14. ಹಾಜರಿ ಅರ್ಧಕ್ಕಿಳಿಯುವ ದಿನಗಳಲ್ಲಿ ಹೊಸ ಪಾಠ ನಡೆಯದೆ ಹೋಗುವವು 12. ಉಳಿಯುವುದು 157.

ಇದರಲ್ಲಿ 17 ಪೀರಿಯಡ್‌ಗೆ ಯಾವ ಪಾಠದ ಹೆಸರನ್ನೂ ಬರೆಯಬೇಡಿ. ಖಾಲಿ ಬಿಡಿ. ಈ ಖಾಲಿಯನ್ನು ಮಾರ್ಚ್ ಕೊನೆಗೆ ಗುಡ್ಡೆ ಹಾಕಿದರೆ ಪ್ರಯೋಜನವಿಲ್ಲ. ಮೊದಲ ಅವಧಿಗೆ 9, ಎರಡನೆಯದಕ್ಕೆ 8 ಎಂದು ದೊಡ್ಡ ಘಟಕಗಳ ಬೆನ್ನಿಗೇ ಇಡಿ. ಹಾಗಾದರೆ ಪಾಠ ಹಂಚಲು ನಿಮಗೆ ನಿಜವಾಗಿ ಇರುವುದು 140.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸಿದ್ಧ ಪಾಠ ಹಂಚಿಕೆಯ ಪಿಡಿಎಫ್‌ಗಳನ್ನು ನಂಬಬೇಡಿ. ಅವು ಯಾವುದೋ ಜಿಲ್ಲೆಯ, ಯಾವುದೋ ವರ್ಷದ ಕ್ಯಾಲೆಂಡರಿಗೆ ಬರೆದವು. ಎಷ್ಟೋ ಸಲ ದಸರಾ ರಜೆಯಲ್ಲೂ ಪಾಠ ಮಾಡಿಸಿರುತ್ತವೆ.

2. ಹಾಜರಿ ಪುಸ್ತಕ ಬಿಚ್ಚಿ

ಕಳೆದ ವರ್ಷದ ಹಾಜರಿ ಪುಸ್ತಕ ತೆಗೆದು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಬಾರದ ವಾರಗಳನ್ನು ಗುರುತಿಸಿ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಕೀಳುವ ವಾರಗಳು ಎದ್ದು ಕಾಣುತ್ತವೆ. ದಾವಣಗೆರೆ, ಜಗಳೂರು ಕಡೆ ಮೆಕ್ಕೆಜೋಳದ ತೆನೆ ಮುರಿಯುವ ಹೊತ್ತು. ನಾಯಕನಹಟ್ಟಿ ಸುತ್ತಲಿನ ಶಾಲೆಯಾದರೆ ಫಾಲ್ಗುಣದ ಜಾತ್ರೆ ಸರಿಯಾಗಿ ಪುನರಾವರ್ತನೆಯ ಹೊತ್ತಿಗೇ ಬರುತ್ತದೆ. ದಾವಣಗೆರೆ ನಗರದವರು ದುಗ್ಗಮ್ಮನ ಜಾತ್ರೆ ಇರುವ ವರ್ಷವೇ ಅಲ್ಲವೇ ಎಂದು ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವುದರಿಂದ ಕಳೆದ ವರ್ಷದ ಹಾಜರಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಇಂಥ ವಾರಗಳಲ್ಲಿ ತಾವಾಗಿಯೇ ನಿಲ್ಲುವ ಘಟಕಗಳನ್ನು ಇಡಿ: ಸಮ್ಮಿತಿ, ಘನಾಕೃತಿಗಳು, ಪ್ರಾಯೋಗಿಕ ರೇಖಾಗಣಿತ. ನಾಲ್ಕು ದಿನ ತಪ್ಪಿಸಿಕೊಂಡ ಮಗು ಸಮ್ಮಿತಿಯನ್ನು ಒಂದೇ ಮಧ್ಯಾಹ್ನ ಹಿಡಿಯಬಲ್ಲದು. ಸಮೀಕರಣದಲ್ಲಿ ನಾಲ್ಕು ದಿನ ತಪ್ಪಿದರೆ ವರ್ಷವಿಡೀ ಒದ್ದಾಟ.

3. ಸೇತುಬಂಧದಲ್ಲಿ ಅಂಕ ಬೇಡ, ತಪ್ಪು ಬೇಕು

ಪೂರ್ವ ಪರೀಕ್ಷೆಯಲ್ಲಿ 20ಕ್ಕೆ 9 ಬಂದಿದೆ ಎಂಬುದರಿಂದ ನಿಮಗೆ ಏನೂ ತಿಳಿಯದು. ಐದು ಲೆಕ್ಕ ಕೊಡಿ, ತಪ್ಪು ಉತ್ತರಗಳನ್ನು ಬರೆದುಕೊಳ್ಳಿ.

306 ÷ 3ಕ್ಕೆ 12 ಎಂದು ಬರೆದವರಿಗೆ ಭಾಗಾಕಾರ ಬರುತ್ತದೆ, ಸೊನ್ನೆಯ ಸ್ಥಾನ ಗೊತ್ತಿಲ್ಲ. 402 − 178ಕ್ಕೆ 376 ಎಂದವರು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾರೆ. 1/2 + 1/3ಕ್ಕೆ 2/5 ಎಂದವರಿಗೆ ಭಿನ್ನರಾಶಿ ಎಂದರೆ ಗೆರೆಯ ಮೇಲೊಂದು ಕೆಳಗೊಂದು, ಎರಡು ಬೇರೆ ಬೇರೆ ಸಂಖ್ಯೆ. 0.4ಕ್ಕಿಂತ 0.35 ದೊಡ್ಡದು ಎಂದವರು 35 ಮತ್ತು 4ನ್ನು ಹೋಲಿಸಿದ್ದಾರೆ. 7 × 8 ಹೇಳಲು ಬೆರಳು ಎಣಿಸುವವರಿಗೆ ಮಗ್ಗಿ ಬಾಯಿಗೆ ಬಂದಿಲ್ಲ.

ಯಾವ ತಪ್ಪು ತರಗತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಲ್ಲಿದೆಯೋ ಅದಕ್ಕೆ ಮಾತ್ರ ಇಡೀ ತರಗತಿಗೆ ಪಾಠ. ಉಳಿದದ್ದು ಗುಂಪಿನಲ್ಲಿ. ಮಗ್ಗಿಗೆ ಬೇರೆ ಪೀರಿಯಡ್ ಕೊಡಬೇಡಿ, ದಿನವೂ ಆರಂಭದ ಐದು ನಿಮಿಷ ಸಾಕು. ಸಾಲಾಗಿ ಹೇಳಿಸುವುದಕ್ಕಿಂತ ಅಡ್ಡಾದಿಡ್ಡಿ ಕೇಳಿ. ಸಾಲಾಗಿ ಹೇಳುವ ಮಗು ‘ಏಳೆಂಟ್ಲಿ’ ಎಂದು ಕೇಳಿದರೆ ಏಳೊಂದ್ಲಿ ಏಳರಿಂದ ಶುರು ಮಾಡುತ್ತದೆ.

4. ತೂಕ ನೋಡಿ ಹಂಚಿ

ಎಡವುವುದು ಇಲ್ಲಿಯೇ. ಪುಟಗಳ ಲೆಕ್ಕದಲ್ಲಿ ಪೀರಿಯಡ್ ಹಂಚಬಾರದು. ಮುಂದೆ ಎಷ್ಟು ಪಾಠಗಳು ಈ ಘಟಕದ ಮೇಲೆ ನಿಂತಿವೆ ಎಂದು ಕೇಳಿಕೊಳ್ಳಬೇಕು. ಭಿನ್ನರಾಶಿ ಬಾರದಿದ್ದರೆ ಶೇಕಡ ಇಲ್ಲ, ಸರಳ ಬಡ್ಡಿ ಇಲ್ಲ, ಭಾಗಲಬ್ಧ ಸಂಖ್ಯೆ ಇಲ್ಲ, ವೃತ್ತದ ಸುತ್ತಳತೆಯ 22/7 ಕೂಡ ಇಲ್ಲ. ಋಣ ಸಂಖ್ಯೆ ಬಾರದಿದ್ದರೆ ಸಮೀಕರಣವೂ ಬೀಜೋಕ್ತಿಯೂ ಇಲ್ಲ.

ಹಾಗಾಗಿ 140ರಲ್ಲಿ ಭಿನ್ನರಾಶಿ ಮತ್ತು ದಶಮಾಂಶಕ್ಕೆ 20, ಪರಿಮಾಣಗಳ ಹೋಲಿಕೆಗೆ (ಶೇಕಡ, ಸರಳ ಬಡ್ಡಿ) 16, ಸರಳ ಸಮೀಕರಣಕ್ಕೆ 14, ಪೂರ್ಣಾಂಕಕ್ಕೆ 12. ನಾಲ್ಕೇ ಘಟಕಗಳಿಗೆ 62. ಮಿಕ್ಕ ಹನ್ನೊಂದಕ್ಕೆ 78. ತ್ರಿಭುಜದ ಗುಣಲಕ್ಷಣ ಮತ್ತು ವಿಸ್ತೀರ್ಣಕ್ಕೆ ಹತ್ತತ್ತು ಕೊಟ್ಟು, ಸಮ್ಮಿತಿ ಮತ್ತು ಘನಾಕೃತಿಗಳನ್ನು ಮೂರು ಮೂರರಲ್ಲಿ ಮುಗಿಸಿ. ಚಿತ್ರದುರ್ಗದ ಜೋಗಿಮಟ್ಟಿಯ ಗಾಳಿಯಂತ್ರಕ್ಕೆ ಮೂರು ರೆಕ್ಕೆ, 120 ಡಿಗ್ರಿ ತಿರುಗಿದರೆ ಮೊದಲಿನಂತೆಯೇ ಕಾಣುತ್ತದೆ. ಆವರ್ತನ ಸಮ್ಮಿತಿಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಆ 20 ಪೀರಿಯಡ್ ಹೇಗೆ ಖರ್ಚಾಗಬೇಕು? ಮೊದಲ ಮೂರು, ಭಿನ್ನರಾಶಿಯೂ ಒಂದೇ ಸಂಖ್ಯೆ ಎಂದು ಸಂಖ್ಯಾರೇಖೆಯ ಮೇಲೆ ಕೂರಿಸುವುದಕ್ಕೆ. ಪುಸ್ತಕ ಇದನ್ನು ಆರನೇ ತರಗತಿಯಲ್ಲೇ ಮುಗಿದದ್ದೆಂದು ಭಾವಿಸುತ್ತದೆ, ನೀವು ಭಾವಿಸಬೇಡಿ. ಮುಂದಿನ ಮೂರು ಸಂಕಲನ ವ್ಯವಕಲನಕ್ಕೆ. ಐದು ಗುಣಾಕಾರಕ್ಕೆ: ಚೌಕುಳಿ ಹಾಳೆಯಲ್ಲಿ 4 ಮನೆ ಅಗಲ, 3 ಮನೆ ಎತ್ತರದ ಆಯತ ಹಾಕಿಸಿ, ಅಗಲದ 3/4 ಮತ್ತು ಎತ್ತರದ 2/3ಕ್ಕೆ ಬಣ್ಣ ತುಂಬಿಸಿದರೆ ಎರಡೂ ಬಣ್ಣ ಬಿದ್ದ ಮನೆಗಳು 12ರಲ್ಲಿ 6. ಉತ್ತರ ಅರ್ಧ. ಗುಣಿಸಿದರೆ ಸಂಖ್ಯೆ ದೊಡ್ಡದಾಗಲೇಬೇಕೆಂಬ ಹಳೆಯ ನಂಬಿಕೆ ಒಡೆಯುವುದು ಈ ಹಾಳೆಯ ಮೇಲೆ, ಸೂತ್ರದಿಂದ ಅಲ್ಲ.

ನಾಲ್ಕು ಭಾಗಾಕಾರಕ್ಕೆ. ‘ತಲೆಕೆಳಗು ಮಾಡಿ ಗುಣಿಸು’ ಎಂಬ ಮಂತ್ರವನ್ನು ಮೊದಲ ದಿನವೇ ಹೇಳಿದರೆ ಅಂದಿನ ಲೆಕ್ಕಗಳೆಲ್ಲ ಸರಿ ಬರುತ್ತವೆ. ಹದಿನೈದು ದಿನ ಕಳೆದು ಕೇಳಿ: ಒಬ್ಬರು ಮೊದಲ ಭಿನ್ನರಾಶಿಯನ್ನು ತಿರುಗಿಸುತ್ತಾರೆ, ಒಬ್ಬರು ಎರಡನ್ನೂ, ಇನ್ನೊಬ್ಬರು ಗುಣಾಕಾರದಲ್ಲೂ ತಿರುಗಿಸುತ್ತಾರೆ. ಬದಲಿಗೆ ರೊಟ್ಟಿಯಿಂದ ಹೊರಡಿ. 3 ರೊಟ್ಟಿ ಇದೆ, ತಲೆಗೆ ಅರ್ಧ ಕೊಟ್ಟರೆ ಎಷ್ಟು ಜನಕ್ಕೆ? ಆರು. ತಲೆಗೆ 3/4 ಕೊಟ್ಟರೆ? ಮೂರನ್ನೂ ಕಾಲು ಕಾಲು ಮಾಡಿದರೆ 12 ತುಂಡು, ಒಬ್ಬರಿಗೆ 3 ತುಂಡು, ನಾಲ್ಕು ಜನ. ಇಲ್ಲಿ ಮಾಡಿದ್ದು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದ್ದು, ಅಂದರೆ 4/3ರಿಂದ ಗುಣಿಸಿದ್ದು. ಮೂರನೇ ದಿನ ಮಕ್ಕಳೇ ಇದನ್ನು ಕಂಡುಕೊಳ್ಳುತ್ತಾರೆ, ಆಗ ತಲೆಕೆಳಗಿನ ನಿಯಮ ಹೇಳಿ. 1/2 ÷ 3/4 ಬಂದರೆ ಮೊದಲು ಛೇದ ಸಮ ಮಾಡಿಸಿ: 2/4 ÷ 3/4, ಎರಡು ತುಂಡಿನಲ್ಲಿ ಮೂರರ ಎಷ್ಟು ಭಾಗ? 2/3.

ಕೊನೆಯ ಐದು ದಶಮಾಂಶಕ್ಕೆ. ಎಲ್ಲರೂ ರೂಪಾಯಿ ಪೈಸೆಯಿಂದ ಶುರು ಮಾಡುತ್ತಾರೆ. ಬೇಡ. ಪೈಸೆಯನ್ನು ಈಗಿನ ಮಕ್ಕಳು ಕಂಡೇ ಇಲ್ಲ. ಕ್ವಿಂಟಲ್ ತೆಗೆದುಕೊಳ್ಳಿ, ಮೆಕ್ಕೆಜೋಳದ ಊರಿನಲ್ಲಿ ಅದು ಮನೆಮಾತು. 3.5 ಕ್ವಿಂಟಲ್ ಎಂದರೆ ಮೂರು ಕ್ವಿಂಟಲ್ ಐದು ಕೆಜಿಯೋ ಐವತ್ತು ಕೆಜಿಯೋ ಎಂದು ಕೇಳಿದರೆ ತರಗತಿ ಎರಡು ಪಾಳಿಯಾಗುತ್ತದೆ. ಅಪ್ಪನ ತೂಕದ ಚೀಟಿಯಲ್ಲಿ 45 ಕೆಜಿ ಹೋಯಿತಲ್ಲ ಎಂಬುದು ಯಾವ ಸ್ಥಾನಬೆಲೆ ಕೋಷ್ಟಕಕ್ಕಿಂತಲೂ ಬೇಗ ನಾಟುತ್ತದೆ.

ಪೂರ್ಣಾಂಕಕ್ಕೂ ಇಂಥದೊಂದು ಊರುಗೋಲು ಇದೆ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ 130ನ್ನು ಸೊನ್ನೆ ಎಂದಿಟ್ಟುಕೊಳ್ಳಿ. 123 ಅಡಿ ಎಂದರೆ −7. ಮೂರು ಅಡಿ ಏರಿದರೆ −4. ಇದನ್ನು ಕಣ್ಣಾರೆ ಗೋಡೆಯ ಮೇಲೆ ಗುರುತು ಮಾಡಿದ ಮಗು −7 + 3ಕ್ಕೆ −10 ಎಂದು ಬರೆಯುವಾಗ ತಾನೇ ತಡೆದು ನಿಲ್ಲುತ್ತದೆ.

ಸಮೀಕರಣದ 14ರಲ್ಲಿ ಮೊದಲ ಆರು ತಕ್ಕಡಿಯ ಮೇಲೇ ನಡೆಯಲಿ. ‘ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಎರಡನೇ ದಿನವೇ ಹೇಳಿದ ತರಗತಿಗಳಲ್ಲಿ, ಎಕ್ಸ್‌ನ ಮೂರು ಪಟ್ಟು 12 ಆದರೆ ಎಕ್ಸ್ ಎಷ್ಟು ಎಂದರೆ 12 − 3, ಒಂಬತ್ತು ಎಂಬ ಉತ್ತರ ಬರುತ್ತದೆ. ಮೂರನ್ನು ಆ ಕಡೆಗೆ ಕಳಿಸಿದರು, ಚಿಹ್ನೆ ಬದಲಿಸಿದರು. ನೀವು ಹೇಳಿದ್ದನ್ನೇ ಮಾಡಿದ್ದಾರೆ.

5. ಕ್ರಮ ಬದಲಿಸಿ

ಪುಸ್ತಕದ ಕ್ರಮವೇ ನಿಮ್ಮ ಕ್ರಮವಾಗಬೇಕಿಲ್ಲ. ದಸರಾ ರಜೆಯ ಅಡ್ಡಕ್ಕೆ ಯಾವ ಘಟಕವನ್ನೂ ಮಲಗಿಸಬೇಡಿ, ಇದು ಕಡ್ಡಾಯ. ಅರ್ಧ ಸಮೀಕರಣ ರಜೆಗೆ ಮುಂಚೆ, ಅರ್ಧ ಆಮೇಲೆ ಎಂದರೆ ಎರಡನೇ ಅರ್ಧವನ್ನು ಮೊದಲಿನಿಂದಲೇ ಮಾಡಬೇಕಾಗುತ್ತದೆ.

ಮೊದಲ ಅವಧಿಗೆ ಪೂರ್ಣಾಂಕ 12, ಭಿನ್ನರಾಶಿ 20, ಘಾತಾಂಕ 6, ರೇಖೆಗಳು ಮತ್ತು ಕೋನಗಳು 9. ಕ್ರೀಡಾಕೂಟದ ವಾರಗಳಿಗೆ ದತ್ತಾಂಶ 6: ಓಟದ ಸಮಯ, ಜಿಗಿತದ ದೂರವೇ ದತ್ತಾಂಶವಾಗಲಿ. ಒಟ್ಟು 53. ರಜೆ ಮುಗಿದು ಬಂದ ಕೂಡಲೇ, ಸುಗ್ಗಿಗೆ ಮಕ್ಕಳು ಅರ್ಧ ಇರುವಾಗ, ಸಮ್ಮಿತಿ, ಘನಾಕೃತಿಗಳು, ಪ್ರಾಯೋಗಿಕ ರೇಖಾಗಣಿತ ಎಂಬ ಆ ಹಗುರ ಘಟಕಗಳ 12. ಎಲ್ಲರೂ ಬಂದ ಮೇಲೆ ಸಮೀಕರಣ. ಅದರ ಹಿಂದೆಯೇ ಪರಿಮಾಣಗಳ ಹೋಲಿಕೆ: ಭಿನ್ನರಾಶಿ ಮರೆಯುವ ಹೊತ್ತಿಗೆ ಶೇಕಡದ ನೆಪದಲ್ಲಿ ಮತ್ತೆ ಬರುತ್ತದೆ. ತ್ರಿಭುಜ, ಸರ್ವಸಮತೆ, ಭಾಗಲಬ್ಧ ಸಂಖ್ಯೆ, ವಿಸ್ತೀರ್ಣ, ಬೀಜೋಕ್ತಿ ಸಂಕ್ರಾಂತಿಯ ಆಚೀಚೆ.

ಆರು, ಏಳು, ಎಂಟು ಮೂರಕ್ಕೂ ಒಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಮೂರು ಹಂಚಿಕೆಯನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆಯಿರಿ. ಮೂರೂ ತರಗತಿಯ ಭಾರದ ಘಟಕ ಒಂದೇ ವಾರಕ್ಕೆ ಬಿದ್ದರೆ ನೋಟ್‌ಬುಕ್ ತಿದ್ದುವುದು ಸಾಧ್ಯವಿಲ್ಲ. ಒಂದು ತರಗತಿ ರೇಖಾಗಣಿತದಲ್ಲಿರಲಿ.

6. ಶನಿವಾರ ಹೊಸ ಪಾಠ ಬೇಡ

ಶನಿವಾರದ ಬೆಳಗಿನ ಪೀರಿಯಡ್ ಹಳೆಯ ಲೆಕ್ಕಕ್ಕೆ. ಐದೇ ಲೆಕ್ಕ: ಎರಡು ಇದೇ ವಾರದ್ದು, ಎರಡು ಹಿಂದಿನ ತಿಂಗಳದ್ದು, ಒಂದು ಹಿಂದಿನ ತರಗತಿಯದ್ದು. ಘಟಕಗಳಿಗೆ ಕೊಟ್ಟ ಪೀರಿಯಡ್‌ಗಳಲ್ಲಿ ಇದೂ ಸೇರಿದೆ. ಹಾಗಾಗಿ ಭಿನ್ನರಾಶಿಯ 20ರಲ್ಲಿ ಮೂರೋ ನಾಲ್ಕೋ ಶನಿವಾರಕ್ಕೆ ಹೋಗುತ್ತವೆ ಎಂಬುದು ಮೊದಲೇ ಗೊತ್ತಿರಲಿ, ಮೇಲೆ ಹೇಳಿದ ಒಳಹಂಚಿಕೆಯನ್ನು ಅಷ್ಟು ಬಿಗಿ ಮಾಡಿಕೊಳ್ಳಿ. ಗೈಡ್‌ನಿಂದ ಲೆಕ್ಕ ಎತ್ತಬೇಡಿ, ಉತ್ತರ ಮಕ್ಕಳ ಚೀಲದಲ್ಲೇ ಇರುತ್ತದೆ. ಅಂಕಿ ಬದಲಿಸಿದರೆ ಸಾಕು.

ರೇಖಾಗಣಿತದ ಹಿಂದಿನ ಶನಿವಾರ ಕಂಪಾಸ್ ಪೆಟ್ಟಿಗೆ ತಪಾಸಣೆ. 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಸಿ. ಗೆರೆಯ ಎರಡು ತುದಿ ಕೂಡದಿದ್ದರೆ ಕೈವಾರದ ಕೀಲು ಸಡಿಲ. ಅದರಲ್ಲಿ ಎಳೆದ ತ್ರಿಭುಜ ಮುಚ್ಚುವುದಿಲ್ಲ, ಮಗು ತನ್ನದೇ ತಪ್ಪೆಂದು ಅಳಿಸುತ್ತಾ ಕೂರುತ್ತದೆ. ಅಗ್ಗದ ಪ್ಲಾಸ್ಟಿಕ್ ಕೋನಮಾಪಕದಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಒಂದಿಷ್ಟು ಮೇಲಿರುತ್ತದೆ, ಅಂಚನ್ನೇ ಗೆರೆಗೆ ಕೂಡಿಸಿದರೆ ಅಳತೆ ತಪ್ಪುತ್ತದೆ.

7. ಹಿಂದೆ ಬಿದ್ದರೆ

ತಿಂಗಳ ಕೊನೆಯ ದಿನ ಹಂಚಿಕೆಯ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನಿಜವಾಗಿ ಎಷ್ಟು ಪೀರಿಯಡ್ ಆಯಿತೆಂದು ಬರೆಯಿರಿ. ಮೂರು ಪೀರಿಯಡ್ ಹಿಂದಿದ್ದರೆ ಖಾಲಿ ಬಿಟ್ಟದ್ದರಿಂದ ತೆಗೆಯಿರಿ. ಐದು ದಾಟಿದರೆ ಅಭ್ಯಾಸದ ಲೆಕ್ಕಗಳನ್ನು ಕತ್ತರಿಸಿ, ಪರಿಕಲ್ಪನೆಯನ್ನಲ್ಲ. ಒಂದೇ ಬಗೆಯ ಹತ್ತು ಲೆಕ್ಕವಿದ್ದರೆ ನಾಲ್ಕು ತರಗತಿಯಲ್ಲಿ, ಎರಡು ಮನೆಗೆ, ಉಳಿದವು ಬೇಗ ಮುಗಿಸುವ ಮಕ್ಕಳಿಗೆ. ಬೆಳಗ್ಗೆ ವಿಶೇಷ ತರಗತಿ ಇಡುತ್ತೇನೆಂದು ಹಂಚಿಕೆಯಲ್ಲಿ ಬರೆದುಕೊಳ್ಳಬೇಡಿ. ಪಕ್ಕದ ಹಳ್ಳಿಯಿಂದ ಬರುವ ಮಗುವಿಗೆ ಅಷ್ಟು ಹೊತ್ತಿಗೆ ಬಸ್ಸಿರುವುದಿಲ್ಲ, ಪಾಠ ಹೆಚ್ಚು ಬೇಕಾಗಿರುವುದೂ ಎಷ್ಟೋ ಸಲ ಅದೇ ಮಗುವಿಗೆ.

ಈ ಪೆನ್ಸಿಲ್ ಅಂಕಿಗಳಿರುವ ಹಾಳೆಯನ್ನು ಏಪ್ರಿಲ್‌ನಲ್ಲಿ ಎಸೆಯಬೇಡಿ. ಬರುವ ಜೂನ್‌ನಲ್ಲಿ 20 ಎಂದು ಬರೆಯುವ ಮುಂಚೆ, ಕಳೆದ ಸಲ 24 ಆಗಿತ್ತೇ ಎಂದು ನೋಡಲು ಬೇಕು.