ಎಡಗೈಯವನ ಪಿಸ್ಟನ್ ಕೋವಿ: ಮೂರನೆಯ ಸಲ ಸರಿಹೋಯಿತು

ಹೋದ ತಿಂಗಳು ರೇಂಜಿನಲ್ಲಿ ನೂರು ಗಜ ದೂರದ ಹಲಗೆಯ ಮೇಲೆ ಐದು ಗುಂಡುಗಳು ಎರಡು ಅಂಗುಲದೊಳಗೆ ಬಿದ್ದವು. ಅರ್ಧ ಅಂಗುಲದಲ್ಲಿ ಹೊಡೆಯುವವರಿಗೆ ಇದು ನಗು ತರಿಸಬಹುದು. ನನ್ನ ಕೋವಿ ಮಿನಿ-14, ರೂಗರ್ ಕಂಪನಿಯ ಅರೆಸ್ವಯಂಚಾಲಿತ ರೈಫಲ್. ಅದನ್ನು ಹಿಡಿದು ಗೊತ್ತಿರುವವರು ಮಾತ್ರ ನಗಲಾರರು. ಹಳೆಯ ಕೋವಿ, ಬಿಡಿಭಾಗ, ಮ್ಯಾಗಝಿನ್ ಎಲ್ಲ ಸೇರಿ ಬಿದ್ದ ಖರ್ಚು ಸುಮಾರು 880 ಡಾಲರ್. "ಅದು ರ‍್ಯಾಂಚಿನವರು ಪಿಕಪ್ ಗಾಡಿಯ ಹಿಂದೆ ಎಸೆದುಕೊಂಡು ತಿರುಗುವ ಕೋವಿ, ದುಡ್ಡು ದಂಡ ಮಾಡಬೇಡ" ಎಂದು ಬುದ್ಧಿ ಹೇಳಿದವರು ಮೂವರಿದ್ದರು. ಅವರ ಮೇಲಿನ ಹಟಕ್ಕೇ ಇದನ್ನು ಬರೆಯುತ್ತಿದ್ದಾನೆ ಎಂದು ಯಾರಾದರೂ ಅಂದರೆ ನಾನು ಅಲ್ಲಗಳೆಯುವುದಿಲ್ಲ.

ಪಿಸ್ಟನ್ ಕೋವಿ ಎಂದರೆ ಸಿಡಿದ ಗ್ಯಾಸು ಮುಂದೆಯೇ ಪಿಸ್ಟನ್ನನ್ನು ತಳ್ಳಿ ಮುಂದಿನ ತೋಟಾ ಏರಿಸುವ ಕೋವಿ. ಅದೇ ಏಕೆ ಎಂಬುದಕ್ಕೆ ನನ್ನ ಕಾರಣ ತೀರಾ ಸ್ವಂತದ್ದು. ನಾನು ಎಡಗೈಯವನು, ಕನ್ನಡಕದವನು. ಅಮೆರಿಕದಲ್ಲಿ ಎಲ್ಲೆಡೆ ಕಾಣುವ ಎಆರ್-15 ರೈಫಲಿನಲ್ಲಿ ನಳಿಗೆಯ ಗ್ಯಾಸು ಸಣ್ಣ ಕೊಳವೆಯ ಮೂಲಕ ನೇರವಾಗಿ ಬೋಲ್ಟ್ ಕ್ಯಾರಿಯರಿನೊಳಕ್ಕೆ (ಹಿಂದೆ ಮುಂದೆ ಓಡಿ ತೋಟಾ ಏರಿಸುವ ಭಾಗಕ್ಕೆ) ಬರುತ್ತದೆ. ಹೊರಗೆ ಹೋಗುವ ತೂತುಗಳಿರುವುದು ಬಲಬದಿಗೆ, ಅಂದರೆ ಎಡಗೈಯವನ ಮುಖದ ಬದಿಗೆ. ಅರವತ್ತು ಗುಂಡು ಹೊಡೆಯುವಷ್ಟರಲ್ಲಿ ಕನ್ನಡಕದ ಗಾಜಿನ ಮೇಲೆ ಎಣ್ಣೆಯ ಹನಿ, ಕಣ್ಣಿನಲ್ಲಿ ಉರಿ. ಊರಲ್ಲಿ, ಸೋಮವಾರಪೇಟೆಯ ಕಡೆ, ಅಜ್ಜನ ಜೋಡುನಳಿಗೆ ಕೋವಿಯಲ್ಲಿ ಕಲಿತವನಿಗೆ ಈ ಕಾಟ ಹೊಸದು. ಆ ಕೋವಿ ಭುಜಕ್ಕೆ ಗುದ್ದುತ್ತಿತ್ತೇ ಹೊರತು ಮುಖಕ್ಕೆ ಉಗುಳುತ್ತಿರಲಿಲ್ಲ.

ಅಮೆರಿಕದಲ್ಲಿ ಕೊಳ್ಳುವ ಕಾನೂನಿನ ಬಗ್ಗೆ ಒಂದೇ ಮಾತು. ಗ್ರೀನ್ ಕಾರ್ಡ್ ಇದ್ದರೆ ಕೊಳ್ಳಬಹುದು. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಇಲ್ಲ, ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ನಾನು ಕಾರ್ಡ್ ಬರುವ ತನಕ ಸುಮ್ಮನಿದ್ದೆ. ಬಂದದ್ದು 2016ರಲ್ಲಿ.

ಪಿಸ್ಟನ್ ಕೋವಿಯ ಹುಡುಕಾಟದಲ್ಲಿ ಮೊದಲು ತಂದದ್ದು ಯುಗೊಸ್ಲಾವಿಯದ ಸೈನ್ಯದ ಹಳೆಯ ಕೋವಿ, ಎಸ್‌ಕೆಎಸ್, ಎಂ59/66. ಕೊಟ್ಟದ್ದು 380 ಡಾಲರ್ ಎಂದು ನೆನಪು. ಕುಂದದ (ಭುಜಕ್ಕೆ ಒತ್ತಿ ಹಿಡಿಯುವ ಭಾಗದ) ಮರ ತೇಗ ಎಂದು ಅಂಗಡಿಯವನು ಎರಡು ಸಲ ಹೇಳಿದ. ಉಗುರಿನಿಂದ ಗೀರಿ ಮೂಸಿ ನೋಡಿದೆ. ನಮ್ಮ ಮನೆಯ ಬಾಗಿಲುವಾಡದ ವಾಸನೆ ಇರಲಿಲ್ಲ, ಇದ್ದದ್ದು ತುಕ್ಕು ತಡೆಯಲು ಬಳಿಯುವ ಕಾಸ್ಮೊಲಿನ್ ಜಿಡ್ಡಿನ ವಾಸನೆ ಮಾತ್ರ. ಅಂಟುಬೆಲ್ಲದ ಹಾಗೆ ಸಂದುಗೊಂದಿಗೆಲ್ಲ ಹಿಡಿದ ಆ ಜಿಡ್ಡನ್ನು ತೆಗೆಯಲು ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲೇ ಸಾಕಾಯಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಕಸದ ಚೀಲಕ್ಕೆ ತುಂಬಿ, ಮೂರು ದಿನ ಕಾರಿನ ಹಿಂಗಾಜಿನ ಕೆಳಗೆ ಇಟ್ಟೆ. ಹೆಂಡತಿ ಆ ಕಾರಿನಲ್ಲಿ ಒಂದು ವಾರ ಕೂರಲಿಲ್ಲ. ತೋಟಾದ ಹಿಂಬದಿಗೆ ಬಡಿದು ಸಿಡಿಸುವ ಫೈರಿಂಗ್ ಪಿನ್ನಿನ ದಾರಿಯನ್ನು ಮಾತ್ರ ಬಿಸಿಲಿಗೆ ಬಿಡದೆ ಕುದಿನೀರಿನಲ್ಲಿ ಬೇರೆಯಾಗಿಯೇ ತೊಳೆದೆ. ಆ ಪಿನ್ನಿಗೆ ಸ್ಪ್ರಿಂಗ್ ಇಲ್ಲ. ಅದು ಜಿಡ್ಡಿನಲ್ಲಿ ಮುಂದಕ್ಕೆ ಅಂಟಿ ನಿಂತರೆ ಕುದುರೆ (ಟ್ರಿಗರ್) ಮುಟ್ಟದೆಯೇ ಗುಂಡು ಹಾರಬಹುದು. ಇಲ್ಲಿ ಸೋಮಾರಿತನ ಸಲ್ಲದು.

ಇಷ್ಟೆಲ್ಲ ಮಾಡಿ ರೇಂಜಿಗೆ ಹೋದರೆ ಒಂದು ಗುಂಡು ಹಾರಿತು, ಎರಡನೆಯದು ಒಳಕ್ಕೆ ಏರಲಿಲ್ಲ. ಕೈಯಿಂದ ಎಳೆದೆ. ಮತ್ತೆ ಅದೇ ಕತೆ. ಅರೆಸ್ವಯಂಚಾಲಿತ ಎಂದು ತಂದದ್ದು ಅಜ್ಜನ ಕಾಲದ ಕೋವಿಯಾಗಿ ಕುಳಿತಿತ್ತು. ಸ್ಪ್ರಿಂಗ್ ಬದಲಿಸಿದೆ, ತೋಟಾ ಬದಲಿಸಿದೆ, ಎರಡು ಭಾನುವಾರ ಹಾಳಾದವು. ಕೊನೆಗೆ ಕಣ್ಣಿಗೆ ಬಿದ್ದದ್ದು ಕೈಹಿಡಿಯ ಮರದ ಅಂಚಿನಲ್ಲಿ ಕಾಡಿಗೆ ತೀಡಿದಂತಿದ್ದ ಮಸಿಯ ಗೆರೆ. ಈ ಮಾದರಿಯಲ್ಲಿ ಗ್ರೆನೇಡ್ ಹಾರಿಸುವಾಗ ಗ್ಯಾಸು ನಿಲ್ಲಿಸಲು ಒಂದು ವಾಲ್ವ್ ಇದೆ, ಬೇರೆ ದೇಶದ ಎಸ್‌ಕೆಎಸ್‌ಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಸವೆದ ವಾಲ್ವಿನ ಸುತ್ತ ಗ್ಯಾಸು ಸೋರಿ ಪಿಸ್ಟನ್ನಿಗೆ ಬಲ ಸಾಲುತ್ತಿರಲಿಲ್ಲ. ಹೊಸ ವಾಲ್ವಿಗೆ ನಲವತ್ತು ಡಾಲರ್ ಕೊಟ್ಟ ಮೇಲೆ ಕೋವಿ ಓಡಿತು.

ಓಡಿದ ಕೋವಿಯನ್ನು ಹಾಳು ಮಾಡಿದ್ದು ನಾನೇ. ಅಗ್ಗಕ್ಕೆ ಸಿಕ್ಕಿತೆಂದು ಯುಗೊಸ್ಲಾವಿಯದ ಹಳೆಯ ಮಿಲಿಟರಿ ತೋಟಾ ತಂದೆ, ಒಂದಕ್ಕೆ 22 ಸೆಂಟೋ ಏನೋ. ಅದರ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯಲ್ಲಿ) ತುಕ್ಕು ತರಿಸುವ ಉಪ್ಪಿನ ಅಂಶವಿದೆ, ಈ ಕೋವಿಯ ನಳಿಗೆಗೆ ಕ್ರೋಮ್ ಲೇಪವಿಲ್ಲ. ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆಯಬೇಕಿತ್ತು. ಆ ವಾರ ಆಫೀಸಿನ ಕೆಲಸ ಮೈಮೇಲಿತ್ತು, ಎರಡು ದಿನ ಹಾಗೇ ಬಿಟ್ಟೆ. ಮೂರನೆಯ ದಿನ ಟಾರ್ಚ್ ಹಾಕಿ ಇಣುಕಿದರೆ ನಳಿಗೆಯೊಳಗೆ ಕೇಸರಿ ಪುಡಿ. ಹ್ಯೂಸ್ಟನ್ನಿನ ಗಾಳಿ ನಮ್ಮ ಜುಲೈ ತಿಂಗಳ ಗಾಳಿಗೆ ಏನೂ ಕಡಿಮೆಯಿಲ್ಲ. ಮಳೆಗಾಲದಲ್ಲಿ ಅಜ್ಜ ದಿನ ಬಿಟ್ಟು ದಿನ ಕೋವಿಗೆ ಎಣ್ಣೆ ಬಟ್ಟೆ ಎಳೆಯುತ್ತಿದ್ದುದು ಆಗ ನೆನಪಾಯಿತು, ತಡವಾಗಿ.

ಎರಡನೆಯದು ಇನ್ನೂ ದುಬಾರಿಯ ತಪ್ಪು. ಇದ್ದ ಎಆರ್-15ಕ್ಕೇ ಪಿಸ್ಟನ್ ಕಿಟ್ ಕೂರಿಸಿದೆ, ಸುಮಾರು 350 ಡಾಲರ್. ಮುಖಕ್ಕೆ ಹೊಗೆ ನಿಂತಿತು, ನಿಜ. ಮುನ್ನೂರು ಗುಂಡು ಹೊಡೆದು ಬಿಚ್ಚಿದಾಗ ಬಫರ್ ಟ್ಯೂಬಿನ (ಕ್ಯಾರಿಯರ್ ಹಿಂದಕ್ಕೆ ಓಡಿ ಸೇರುವ ಕೊಳವೆಯ) ಬಾಯಿಯ ಕೆಳಗಡೆ ಬಿದಿಗೆ ಚಂದ್ರನಂತೆ ಒಂದು ಗೀರು, ಬೆರಳಿಟ್ಟರೆ ಅಲ್ಯುಮಿನಿಯಂ ಪುಡಿ ಹತ್ತುತ್ತಿತ್ತು. ಮೂಲ ವಿನ್ಯಾಸದಲ್ಲಿ ಗ್ಯಾಸು ಕ್ಯಾರಿಯರನ್ನು ನಡುಮಧ್ಯದಿಂದ ತಳ್ಳುತ್ತದೆ. ಪಿಸ್ಟನ್ ಸರಳು ತಳ್ಳುವುದು ನೆತ್ತಿಯನ್ನು. ನೆತ್ತಿಗೆ ಗುದ್ದಿದರೆ ಬಾಲ ಕೆಳಗೆ ಕುಸಿಯದೇ ಇರುತ್ತದೆಯೇ? ಹಿಂಬದಿಯನ್ನು ಇಳಿಜಾರಾಗಿ ತೀಡಿದ ಕ್ಯಾರಿಯರ್ ಬೇರೆ ಸಿಗುತ್ತದೆ, ಅದಕ್ಕೆ ಇನ್ನೂ ನೂರಿಪ್ಪತ್ತು ಎಂದರು. ಕಿಟ್ಟನ್ನು ಅರ್ಧ ಬೆಲೆಗೆ ಮಾರಿ ಕೈತೊಳೆದುಕೊಂಡೆ.

ಪಿಸ್ಟನ್ ಎಂದರೆ ಎಕೆ-47 ಜಾತಿಯ ಕೋವಿ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. ಗೆಳೆಯನ ಸರ್ಬಿಯದ ಜ಼ಸ್ತಾವಾ ಎಂ70ಯಲ್ಲಿ ಇನ್ನೂರು ಗುಂಡು ಹೊಡೆದಿದ್ದೇನೆ. ಗಟ್ಟಿ ಕೋವಿ, ಮೆಚ್ಚಿದೆ. ಆದರೆ ಅಷ್ಟರಲ್ಲಿ 2021ರ ಆಗಸ್ಟ್ ಬಂತು. ರಷ್ಯದ ತೋಟಾ ಆಮದಿಗೆ ಹೊಸ ಪರವಾನಗಿ ಕೊಡುವುದಿಲ್ಲ ಎಂದು ಅಮೆರಿಕ ಸರ್ಕಾರ ಹೇಳಿತು. ಇಪ್ಪತ್ತರ ಆಸುಪಾಸಿನಲ್ಲಿ ಸಿಗುತ್ತಿದ್ದ, ಆ ಎಕೆ ಹೊಡೆಯುವ 7.62×39 ತೋಟಾ ನಲವತ್ತು ಸೆಂಟು ದಾಟಿತು. ಸಾವಿರ ತೋಟಾಕ್ಕೆ ಇನ್ನೂರು ಡಾಲರ್ ಹೆಚ್ಚು. ನಾನು ವರ್ಷಕ್ಕೆ ಎರಡು ಸಾವಿರ ಹೊಡೆಯುವವನು. ಅಂದಿನಿಂದ ಕೋವಿಯ ಬೆಲೆಚೀಟಿ ನೋಡುವುದನ್ನು ಬಿಟ್ಟೆ. ಕೋವಿ, ನಾಲ್ಕು ಮ್ಯಾಗಝಿನ್, ಎರಡು ಸಾವಿರ ತೋಟಾ ಇವಿಷ್ಟನ್ನೂ ಕೂಡಿಸಿ ಬಂದ ಮೊತ್ತವನ್ನೇ ಬೆಲೆ ಎಂದುಕೊಂಡೆ. ಆ ಲೆಕ್ಕದಲ್ಲಿ ಅಗ್ಗದ ಎಷ್ಟೋ ಕೋವಿಗಳು ದುಬಾರಿಯಾದವು, ಮಿನಿ-14 ಮೇಲೆ ಬಂತು.

2022ರಲ್ಲಿ ಒಂದು ಗಿರವಿ ಅಂಗಡಿಯಲ್ಲಿ ಸಿಕ್ಕಿತು, 680 ಡಾಲರ್. ಸೀರಿಯಲ್ ಸಂಖ್ಯೆ 580ರಿಂದ ಶುರುವಾಗಿತ್ತು. ಅದಕ್ಕಿಂತ ಹಳೆಯದಾಗಿದ್ದರೆ ಬಿಟ್ಟು ಬರುತ್ತಿದ್ದೆ, ಅವುಗಳ ಗುರಿಗೆ ಒಳ್ಳೆಯ ಹೆಸರಿಲ್ಲ. ಸೇಫ್ಟಿ ಇರುವುದು ಕುದುರೆಯ ಕಾಪಿನ ಮುಂದುಗಡೆ, ಎಡಗೈಗೂ ಬಲಗೈಗೂ ಒಂದೇ. ಪಿಸ್ಟನ್ ಪಂಡಿತರು ಇದನ್ನು ಪಿಸ್ಟನ್ ಎಂದೇ ಒಪ್ಪುವುದಿಲ್ಲ. ಇಲ್ಲಿ ಗ್ಯಾಸ್ ಬ್ಲಾಕಿನ (ನಳಿಗೆಯಿಂದ ಗ್ಯಾಸು ತೆಗೆಯುವ ತುಂಡಿನ) ಮೋಟುಕೊಳವೆ ನಿಂತೇ ಇರುತ್ತದೆ, ಅದರ ಮೇಲೆ ಟೊಪ್ಪಿಗೆಯಂತೆ ಕುಳಿತ ಸ್ಲೈಡು ಹಿಂದಕ್ಕೆ ಓಡುತ್ತದೆ. ಪಿಸ್ಟನ್ ನಿಂತು ಸಿಲಿಂಡರ್ ಓಡಿತು ಎನ್ನಿ. ನನ್ನ ಕಣ್ಣು ಉರಿಯುವುದಿಲ್ಲ, ನನಗೆ ಅಷ್ಟು ಸಾಕು.

ಮೊದಲ ದಿನ ಹಲಗೆಯ ಮೇಲೆ ಗುಂಡು ಬಿದ್ದ ಗುಂಪು ನಾಲ್ಕು ಅಂಗುಲ. ಖಾಲಿ ತೋಟಾಗಳು ಪಕ್ಕದ ಎರಡು ಬೆಂಚು ದಾಟಿ ಬಿದ್ದವು, ರೇಂಜಿನ ಮುದುಕ ಹೆಕ್ಕಿ ತಂದು ನನ್ನ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ. ಇನ್ನೊಂದು ದಿನ ಬಯಲಿನಲ್ಲಿ ಹಳೆಯ ಬೆಡ್‌ಶೀಟುಗಳನ್ನು ಹಾಸಿ ಅಳೆದೇಬಿಟ್ಟೆ: ಇಪ್ಪತ್ತೈದು ಅಡಿ, ಒಂದೆರಡು ಮೂವತ್ತು. ಗ್ಯಾಸು ಬೇಕಾದ್ದಕ್ಕಿಂತ ಹೆಚ್ಚು ನುಗ್ಗುತ್ತಿದೆ ಎಂದೇ ಅರ್ಥ. ಗ್ಯಾಸು ಹಾಯುವ ದಾರಿಯನ್ನು ಕಿರಿದಾಗಿಸುವ, ಸಣ್ಣ ತೂತಿನ ಗ್ಯಾಸ್ ಬುಶಿಂಗುಗಳ ಸೆಟ್ಟನ್ನು ಇಪ್ಪತ್ತು ಡಾಲರಿಗೆ ತರಿಸಿದೆ. ದುರಾಸೆಯಿಂದ ಎಲ್ಲಕ್ಕಿಂತ ಸಣ್ಣದನ್ನೇ ಹಾಕಿದೆ. ತೋಟಾ ಕಾಲ ಬುಡದಲ್ಲೇ ಬಿತ್ತು, ಖುಷಿಯಾಯಿತು. ಜನವರಿಯ ಒಂದು ಚಳಿ ಬೆಳಗ್ಗೆ ಹತ್ತು ತೋಟಾಗಳಲ್ಲಿ ಮೂರು ಹೊರಬರದೆ ಸಿಕ್ಕಿಕೊಂಡವು. ಒಂದು ಅಳತೆ ದೊಡ್ಡದಕ್ಕೆ ಹೋದೆ. ಈಗ ಎಂಟು ಹತ್ತು ಅಡಿಯಲ್ಲಿ ಬೀಳುತ್ತವೆ, ಚಳಿಗೂ ಓಡುತ್ತದೆ.

ನಿಜವಾದ ಲಾಭ ಬಂದದ್ದು ಗ್ಯಾಸ್ ಬ್ಲಾಕಿನ ನಾಲ್ಕು ತಿರುಪುಗಳಿಂದ. ಬ್ಲಾಕಿನ ಎರಡು ಹೋಳುಗಳ ನಡುವಿನ ಸಂದು ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ನನ್ನದರಲ್ಲಿ ಒಂದು ಬದಿಗೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುತ್ತಿತ್ತು, ಇನ್ನೊಂದು ಬದಿಗೆ ಮೂಲೆಯೂ ಹೋಗುತ್ತಿರಲಿಲ್ಲ. ಬಿಗಿಯುವ ಕ್ರಮ ಯಾವುದು, ಎಷ್ಟು ಬಿಗಿ, ನಡುವೆ ಏನು ಇಟ್ಟೆ ಎಂಬುದನ್ನು ಹೇಳುವುದಿಲ್ಲ. ನಾಲ್ಕು ತಿರುಪು ಮುರಿದು ಕಲಿತದ್ದು ಅದು. ಮುಂದೆ ನಳಿಗೆ ಅದುರದಂತೆ ಅದಕ್ಕೆ ಕಟ್ಟುವ ಸ್ಟ್ರಟ್ ಎಂಬ ಸರಳಿಗೆ ನೂರು ಡಾಲರ್ ಹಾಕಿದೆ. ಅದರಿಂದ ಎಷ್ಟು ಸುಧಾರಿಸಿತೆಂದು ಪ್ರಮಾಣ ಮಾಡಲಾರೆ, ಆದರೆ ಬಿಚ್ಚಲು ಮನಸ್ಸಿಲ್ಲ. ನಳಿಗೆ ತೆಳು, ಹತ್ತು ಗುಂಡು ಬಿಡದೆ ಹೊಡೆದರೆ ಈಗಲೂ ಗುಂಪು ಮೇಲಕ್ಕೆ ತೆವಳುತ್ತದೆ. ಒದ್ದೆ ಬಟ್ಟೆ ಸುತ್ತಿಯೂ ನೋಡಿದೆ, ಕುಂದದ ಬಣ್ಣ ಬಿಟ್ಟಿತೇ ಹೊರತು ಪ್ರಯೋಜನವಾಗಲಿಲ್ಲ. ಮ್ಯಾಗಝಿನ್ ಮಾತ್ರ ಕಂಪನಿಯದ್ದೇ ಕೊಳ್ಳಿ, ನಲವತ್ತು ಡಾಲರ್ ಆದರೂ ಸರಿ. ಹನ್ನೆರಡು ಡಾಲರಿನ ಮೂರು ಕಸದ ಬುಟ್ಟಿ ಸೇರಿದವು, ಅವನ್ನು ಮೇಲಿನ 880ರಲ್ಲಿ ಸೇರಿಸಿಲ್ಲ.

ಊರಿಗೆ ಹೊರಡುವ ಮುನ್ನ ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಮಡಿಕೆಯಲ್ಲಿ ಒಂದು ತೋಟಾ ಉಳಿದರೂ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆ ಎದುರಾಗುತ್ತದೆ. ಕೈಲ್‌ಪೊಳ್ದ್ ಹಬ್ಬಕ್ಕೆ (ಕೋವಿ ಪೂಜಿಸಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಕೊಡಗಿನ ಹಬ್ಬಕ್ಕೆ) ಹೋದಾಗ ನಾನು ಹೆಗಲಿಗೆ ಹಾಕುವುದು ಬಟ್ಟೆಯ ಚೀಲ. ಹೋದ ವರ್ಷ ತೋಕ್ ಪೂ (ಕೋವಿ ಹೂ) ಸಿಕ್ಕಿಸಿದ ಅಜ್ಜನ ಕೋವಿಯ ಪಕ್ಕ ನಿಂತು ಮೊಬೈಲಿನಲ್ಲಿ ಮಿನಿಯ ಚಿತ್ರ ತೋರಿಸಿದೆ. ಅಪ್ಪ ಕೇಳಿದ್ದು ಒಂದೇ: "ತೆಂಗಿನಕಾಯಿಗೆ ತಾಗುತ್ತದೆಯೋ?"

ಬುದ್ಧಿ ಹೇಳಿದ ಮೂವರಲ್ಲಿ ಹಾಸನದವನೊಬ್ಬ ಹೋದ ವಾರ ತಾನೇ ಒಂದು ಮಿನಿ-14 ತಂದಿದ್ದಾನೆ, ನನ್ನ ಮಾತು ಕೇಳದೆ ಹಳೆಯ ಸೀರಿಯಲ್ಲಿನದು. ಆರು ಅಂಗುಲಕ್ಕೆ ಚೆಲ್ಲುತ್ತಿದೆಯಂತೆ. ಶನಿವಾರ ತಿರುಪು ಬಿಗಿಸಿಕೊಳ್ಳಲು ಬರುತ್ತಾನೆ. ವಿಸಿಟಿಂಗ್ ಕಾರ್ಡ್ ಅವನೇ ತರಲಿ ಎಂದಿದ್ದೇನೆ. ಬಿಗಿಯುವಾಗ ಮಾತ್ರ ಅವನನ್ನು ಕಾಫಿ ಮಾಡಲು ಅಡುಗೆಮನೆಗೆ ಕಳುಹಿಸುತ್ತೇನೆ.